ಪೆಟ್ಟಿಗೆಯ ಮೇಲಿನ ಬಿಸಿನೀರು

ತಪ್ಪು ನನ್ನದು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಚೀನಾದ ಹಫೇಯ್ ನಗರದ ನಮ್ಮ ಪ್ರಯೋಗಶಾಲೆಯಲ್ಲಿ ಬೆಳಕಿನ ಕಣಗಳನ್ನು ನಡೆಸುತ್ತಿದ್ದೆವು. ಕಣ ಗಾಜಿನೆಳೆಯ ಸುರುಳಿಯೊಳಗೆ ಸುತ್ತುತ್ತದೆ. ಸುತ್ತಿಗೊಮ್ಮೆ ಎಡಕ್ಕೂ ಬಲಕ್ಕೂ ಒಟ್ಟಿಗೇ ಹೆಜ್ಜೆ ಇಡುತ್ತದೆ. ಹೊರಗಿನದೇನೂ ಸೋಕದಿದ್ದರೂ, ನಡೆಯುತ್ತ ನಡೆಯುತ್ತ ಹೊರಟ ಜಾಗದ ಗುರುತು ಕಳೆದುಕೊಂಡು, ಆರಿದ ಚಹಾದ ಹಾಗೆ ಒಂದೇ ಸಮಕ್ಕೆ ಬಂದು ನಿಲ್ಲುತ್ತದೆಯೇ? ಇದು ರುವಾನ್ ಛಿಂಗ್ ಅಕ್ಕನ ಪ್ರಶ್ನೆ. ಒಬ್ಬ ಗುರುವಿನ ಕೈಕೆಳಗೆ ಓದುವವರು ನಮ್ಮಲ್ಲಿ ಒಡಹುಟ್ಟಿದವರೇ. ಅವಳು ಹಿರಿಯಕ್ಕ, ನಾನು ಕಾಂಗ್ ಲೇಯ್, ಕೊನೆಯ ತಂಗಿ. ಅವಳದು ಡಾಕ್ಟರೇಟ್ ಓದಿನ ಎಂಟನೆಯ ವರ್ಷ. ಅದು ಮುಗಿದರೆ ವಿಶ್ವವಿದ್ಯಾಲಯ ಹೆಸರು ಹೊಡೆದುಹಾಕುತ್ತದೆ. ಜೂನ್ ಒಳಗೆ ಪದವಿ ಸಿಕ್ಕರೆ ವೂಹೂ ಊರಿನ ಕಾಲೇಜಿನಲ್ಲಿ ಕೆಲಸ. ಇಲ್ಲದಿದ್ದರೆ ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಚಳಿಗಾಲದಲ್ಲಿ ಫಲಿತಾಂಶ ಬಂತು. ಎಲ್ಲಿಂದ ಬಿಟ್ಟರೂ ಬೆಳಕು ಒಂದೇ ಸ್ಥಿತಿಗೆ ಬರುತ್ತಿತ್ತು. ಅಕ್ಕನ ಪ್ರಬಂಧವನ್ನು ವಿಜ್ಞಾನ ಪತ್ರಿಕೆಯೊಂದು ಒಪ್ಪಿತು; ಪದವಿಗೆ ಅದೇ ಆಧಾರ. ಎಂದೂ ನಗದ ನಮ್ಮ ಗುರು ಬಿಯೆನ್ ಮೇಷ್ಟ್ರು ಎಲ್ಲರಿಗೂ ಮೀನಿನ ಊಟ ಹಾಕಿಸಿದರು.

ಏಪ್ರಿಲ್‌ನ ಒಂದು ಬೆಳಿಗ್ಗೆ, ನನ್ನ ಓದಿಗೆಂದು ಅದೇ ನಡಿಗೆಯನ್ನು ಹಿಂದಕ್ಕೆ ನಡೆಸಿದೆ. ಹೊರಗಿನದೇನೂ ಸೋಕಿಲ್ಲವಾದರೆ, ಹೆಜ್ಜೆಗಳನ್ನು ತಿರುಗಿಸಿದಾಗ ಬೆಳಕು ಹೊರಟಲ್ಲಿಗೇ ಮರಳಬೇಕು. ಮರಳಲಿಲ್ಲ. ಹತ್ತು ಸಲ ಮಾಡಿದೆ. ಆಮೇಲೆ ಸುರುಳಿಯ ಪೆಟ್ಟಿಗೆಯ ಮುಚ್ಚಳ ಕಣ್ಣಿಗೆ ಬಿತ್ತು. ಅದರ ಮೇಲೆ ನನ್ನ ಬಿಸಿನೀರಿನ ಲೋಟ. ಬಿಸಿನೀರಿಲ್ಲದೆ ಕೂತು ಕೆಲಸ ಮಾಡುವ ಜನ ನಾವಲ್ಲ. ಮೇಜಿನ ಮೇಲೆ ಜಾಗವಿಲ್ಲವೆಂದು ಚಳಿಗಾಲವಿಡೀ ಗಂಟೆಗೊಮ್ಮೆ ತುಂಬಿಸಿ ಅಲ್ಲೇ ಇಟ್ಟಿದ್ದೆ. ಆ ಶಾಖಕ್ಕೆ ಒಳಗಿನ ಎಳೆ ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗಿ, ಬೆಳಕಿನ ಗುರುತನ್ನು ಅಳಿಸಿತ್ತು. ಲೋಟ ತೆಗೆದು, ಮಧ್ಯಾಹ್ನದವರೆಗೆ ಕಾದು ಮತ್ತೆ ನಡೆಸಿದೆ. ಬೆಳಕು ಮರಳಿತು. ಮುಂದಕ್ಕೆ ನಡೆಸಿದಾಗ ಹೊರಟ ಜಾಗದ ಗುರುತು ಕೊನೆಯವರೆಗೂ ಹಾಗೇ ಇತ್ತು. ಅಂದರೆ ಚಳಿಗಾಲದ ಫಲಿತಾಂಶ ಬೆಳಕಿನದಲ್ಲ, ನನ್ನ ಲೋಟದ್ದು.

ಅಕ್ಕನನ್ನು ಕರೆದು ತೋರಿಸಿದೆ. "ಲೋಟ ನಂದು ಅಕ್ಕಾ."

ಅವಳು ಕಂಪ್ಯೂಟರಿನ ತೆರೆಯಲ್ಲಿ ಎರಡೂ ನಡಿಗೆಗಳನ್ನು ಹೋಲಿಸಿ ನೋಡಿದಳು. "ಕತ್ತೆ! ಅದೇನು ಒಲೆ ಅನ್ಕೊಂಡ್ಯಾ?" ಎಂದು ನಕ್ಕಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಯಾರಿಗೂ ಗೊತ್ತಿಲ್ಲಕ್ಕ. ಜೂನ್ ದಾಟ್ಲಿ ಅಷ್ಟೇ. ನಾನಂತೂ ಬಾಯಿ ಬಿಡಲ್ಲ."

"ನಾಳೆ ವೂಹೂಲಿ ಮಕ್ಕಳು ಕೇಳ್ತಾರಲ್ಲೇ, ಹಿಂದಕ್ಕೆ ನಡೆಸಿ ನೋಡಿದ್ರಾ ಅಂತ. ಏನನ್ಲಿ?"

"ಹಾಗಾದ್ರೆ ಮತ್ತೆ ಅಳೆಯೋಣ."

"ಆರು ತಿಂಗಳ ಕೆಲಸ ಅದು. ಇರೋದು ಏಳೇ ವಾರ. ಬಿಡು, ಆಯ್ತು."

ಅವತ್ತೇ ಮೇಷ್ಟ್ರ ಕೋಣೆಗೆ ಹೋದಳು. ನಾನೂ ಹಿಂದೆಯೇ ಹೋದೆ, ಒಪ್ಪಿಕೊಳ್ಳುವುದೆಂದು ಗಟ್ಟಿ ಮಾಡಿಕೊಂಡೇ. ಪೆಟ್ಟಿಗೆಯ ಮೇಲಿಟ್ಟ ಲೋಟದ ಶಾಖಕ್ಕೆ ಫಲಿತಾಂಶ ಕೆಟ್ಟಿದೆ, ಪ್ರಬಂಧ ಹಿಂದಕ್ಕೆ ಪಡೆಯಬೇಕೆಂದು ಅಕ್ಕ ಹೇಳಿದಾಗ ಮೇಷ್ಟ್ರ ಮುಖ ಕಪ್ಪಿಟ್ಟಿತು.

"ಯಾರ ಲೋಟ ಅದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ, "ನಂದೇ ಮೇಷ್ಟ್ರೇ," ಎಂದಳು.

"ಎಂಟು ವರ್ಷ ಇಲ್ಲಿ ಮಣ್ಣು ಹೊತ್ಯಾ? ನಿನ್ನ ಜೊತೆ ನನ್ನ ಮಾನಾನೂ ಹೋಯ್ತು!"

ಅಕ್ಕ ತಲೆ ತಗ್ಗಿಸಿ ನಿಂತಳು. ಮೇಷ್ಟ್ರಿಗೆ ನಂಬಿಕೆ ಬಂದಂತಿರಲಿಲ್ಲ. ನನ್ನ ಕಡೆ ತಿರುಗಿದರು. "ನೀನು ನೋಡಿದ್ಯೇನೇ, ಇವಳು ಇಡೋದನ್ನ?"

ನನಗೆ ಅವರ ಕೈಕೆಳಗೆ ಇನ್ನೂ ಮೂರು ವರ್ಷವಿತ್ತು. ಸುಮ್ಮನೆ ನಿಂತಿದ್ದರೂ ಆಗುತ್ತಿತ್ತು.

"ಹೂಂ ಮೇಷ್ಟ್ರೇ," ಎಂದೆ. "ದಿನಾ ಇಡ್ತಿದ್ರು."