ಕಾಲುಪಟ್ಟಿಯ ಮಾತು

ತಂಗಿಯ ಮಗು ದಿನ ತುಂಬುವ ಮೊದಲೇ ಹುಟ್ಟಿತ್ತು. ಅದರ ಪುಟ್ಟ ಕಾಲಿಗೆ ಕಟ್ಟಿದ್ದ, ನಾವೇ ತಯಾರಿಸಿದ ಪಟ್ಟಿ ಉಸಿರನ್ನೂ ಮೈಬಿಸಿಯನ್ನೂ ಅಳೆದು ನಮ್ಮ ಕಚೇರಿಯ ಸರ್ವರ್ ಯಂತ್ರಕ್ಕೆ ಕಳಿಸುತ್ತಿತ್ತು; ಅಲ್ಲಿಂದ ಅದು ಡಾಕ್ಟರ ಪರದೆಗೆ ಹೋಗುತ್ತಿತ್ತು. ಪಟ್ಟಿ ಒಂದು ಹಗಲು, ಒಂದು ರಾತ್ರಿ ನಿಲ್ಲದೆ ನಡೆದರೆ ಮಾತ್ರ ಮಗುವನ್ನು ಮನೆಗೆ ಕಳಿಸುತ್ತೇನೆ ಎಂದಿದ್ದರು ಡಾಕ್ಟರು. ಆ ಹಾಳು ಬ್ಯಾಟರಿ ಮಧ್ಯಾಹ್ನಕ್ಕೇ ಕೈಕೊಡುತ್ತಿತ್ತು.

ಸಂದೇಶ ಯಾರು ಬೇಕಾದರೂ ಓದುವಂತಿರಬೇಕು ಎಂಬುದು ನಮ್ಮ ಯಜಮಾನರ ಹಠ. ಹಾಗಾಗಿ ಪಟ್ಟಿ ಪ್ರತಿ ಸಲವೂ ಪುರಾಣ ಹೇಳುತ್ತಿತ್ತು: ‘ಮಗುವಿನ ನಿಮಿಷದ ಉಸಿರಾಟದ ಎಣಿಕೆ: 44. ಮಗುವಿನ ಮೈಯ ಉಷ್ಣತೆ: 37.’ ಮೂಗಿಗಿಂತ ಮೂಗುತಿ ಭಾರ. ಒಂದೊಂದು ಅಕ್ಷರ ಕಳಿಸಲೂ ಬ್ಯಾಟರಿ ಸವೆಯುತ್ತಿತ್ತು. ನೂರಾರು ಮಕ್ಕಳ ಪಟ್ಟಿಗಳು ಕಳಿಸಿದ ಅಷ್ಟನ್ನೂ ಓದಿ ಬಿಡಿಸುವಷ್ಟರಲ್ಲಿ ಸರ್ವರ್ ಬಿಸಿಯಾಗಿ ಫ್ಯಾನುಗಳು ಅರಚುತ್ತಿದ್ದವು.

“ಇದನ್ನೆಲ್ಲಾ ಯಾರು ಕೂತು ಓದ್ತಾರೆ ಸಾರ್?”

“ಏನಾದ್ರೂ ಕೆಟ್ಟಾಗ ನಾನು ಓದ್ತೀನಮ್ಮ.”

ಸಿಟ್ಟು ನೆತ್ತಿಗೇರಿ ನೇರ ಆಸ್ಪತ್ರೆಗೆ ಹೋದೆ. ವಾರ್ಡಿನ ಗಾಜಿನಾಚೆಯಿಂದ ತಂಗಿ ಒಂದು ಬೆರಳೆತ್ತಿದಳು. ಈಚೆ ನಿಂತಿದ್ದ ಅವಳ ಗಂಡನ ಮುಖ ಅರಳಿತು.

“ಒಂದು ಬೆರಳು ಅಂದ್ರೆ ಹಾಲು ಕುಡಿದಿದೆ ಅಂತ ಅತ್ತಿಗೆ. ಎರಡು ಅಂದ್ರೆ ಮಲಗಿದೆ. ಮೊದ್ಲೇ ಮಾತಾಡ್ಕೊಂಡಿದ್ದೀವಿ.”

ಇದನ್ನೇ ಯಜಮಾನರಿಗೆ ಹೇಳಿದೆ. ಪಟ್ಟಿ, ಸರ್ವರ್ ಎರಡೂ ಮೊದಲೇ ಒಪ್ಪಿಕೊಂಡರೆ ಹೆಸರುಗಳನ್ನು ಕಳಿಸಬೇಕಿಲ್ಲ. ಮೊದಲ ಅಂಕಿ ಉಸಿರು, ಎರಡನೆಯದು ಬಿಸಿ, ಅಷ್ಟೇ. ಅವರು ಗೊಣಗುತ್ತಲೇ ಒಪ್ಪಿ, ಪರೀಕ್ಷೆಗೆಂದು ಇನ್ನೊಂದು ಪಟ್ಟಿಯನ್ನು ತಮ್ಮ ಕೈಗೇ ಕಟ್ಟಿಕೊಂಡರು. ಪರದೆಯ ಮೇಲೆ ಬಂತು: ಉಸಿರು ಮೂವತ್ತಾರು, ಮೈಬಿಸಿ ಹದಿನಾರು.

“ನಾನು ಸತ್ತು ಎಷ್ಟೊತ್ತಾಯ್ತಮ್ಮ?”

ಅವಸರದಲ್ಲಿ ಸರ್ವರ್‌ಗೆ ನಾನು ಅನುಕ್ರಮ ತಿರುಗಿಸಿ ಹೇಳಿಕೊಟ್ಟಿದ್ದೆ. ನಗು ಬಂದರೂ, ಇದು ಮಗುವಿನ ಅಂಕಿಯಾಗಿದ್ದರೆ ಎಂದು ಭಯವಾಯಿತು. ಒಪ್ಪಂದವನ್ನು ಒಂದೇ ಕಡೆ ಬರೆದು ಎರಡಕ್ಕೂ ಅದನ್ನೇ ಕೊಟ್ಟೆ.

ಎಲ್ಲ ಪಟ್ಟಿಗಳೂ ಹೊಸ ಮಾತಿಗೆ ಬದಲಾದ ದಿನ ಸರ್ವರಿನ ಕೋಣೆಗೆ ಹೋಗಿ ಬೆರಗಾಗಿ ನಿಂತೆ. ಫ್ಯಾನುಗಳ ಅರಚಾಟ ಅಡಗಿತ್ತು. ಹೊಸ ಯಂತ್ರ ತಂದಿರಲಿಲ್ಲ, ಏನನ್ನೂ ಸೇರಿಸಿರಲಿಲ್ಲ. ಬೇಡದ ಮಾತು ಬಿಟ್ಟಿದ್ದೆವು, ಅಷ್ಟೇ. ಪರದೆಯಲ್ಲಿ ಅಂಕಿಗಳು ತಡವರಿಸದೆ ಬದಲಾಗುತ್ತಿದ್ದವು. ಮಗುವಿನ ಪಟ್ಟಿ ಮಾರನೆಯ ದಿನ ಬೆಳಗಾದರೂ ನಡೆಯುತ್ತಲೇ ಇತ್ತು.

ಮಗು ಮನೆಗೆ ಹೋದ ಮಧ್ಯಾಹ್ನ ಅಲ್ಲಿಂದ ಅದರ ಪಟ್ಟಿ ಕಳಿಸಿದ ಮೊದಲ ಸಂದೇಶವನ್ನು ಬಂದ ಹಾಗೆಯೇ ತೆರೆದು ನೋಡಿದೆ. ಅಂಕಿಗೊಂದರಂತೆ, ಯಂತ್ರಕ್ಕೆ ಮಾತ್ರ ಅರ್ಥವಾಗುವ ಎರಡೇ ಗುರುತು. ಯಜಮಾನರು ಕನ್ನಡಕ ಏರಿಸಿ ಬಗ್ಗಿದರು.

“ಓದೋಕೇ ಬರಲ್ವಲ್ಲಮ್ಮ.”

ಊರಾಚೆಯ ಒಂದು ಕೋಣೆಯಲ್ಲಿ ಏರಿಳಿಯುವ ಪುಟ್ಟ ಎದೆ ಇಷ್ಟರಲ್ಲೇ ಅಡಗಿ ನನ್ನ ಮುಂದೆ ಬಂದಿತ್ತು. ಅಷ್ಟರಲ್ಲಿ ತಂಗಿಯ ವಿಡಿಯೋ ಕರೆ ಬಂತು.

“ಅಕ್ಕ, ಬರ್ತಾ ಇದೆಯಾ?”

ಬಂತು ಎಂದು ಅವಳಂತೆಯೇ ಒಂದು ಬೆರಳೆತ್ತಿದೆ.

ಅವಳು ಮಗುವಿನತ್ತ ನೋಡಿ, ಸದ್ದಾಗದಂತೆ ನಕ್ಕು, ಎರಡು ಬೆರಳು ತೋರಿಸಿದಳು.