ಹದಿನೆಂಟು ಕಿಲೋಮೀಟರ್

ನಮ್ಮ ಶಾಸಕಿಯವರನ್ನು ಇಡೀ ಕ್ಷೇತ್ರ ಟೀಚರಮ್ಮ ಎಂದೇ ಕರೆಯುತ್ತದೆ. ಇಪ್ಪತ್ತೆರಡು ವರ್ಷ ಗಣಿತದ ಪಾಠ ಹೇಳಿ, ಆಮೇಲೆ ಚುನಾವಣೆಗೆ ನಿಂತು ಗೆದ್ದವರು. ನಾನು ಅವರ ಕಾರಿನ ಡ್ರೈವರ್. ಒಂಬತ್ತು ವರ್ಷದಿಂದ ಅವರ ಮುಖ ನೋಡಿದ್ದಕ್ಕಿಂತ ಬೆನ್ನ ಹಿಂದಿನಿಂದ ಅವರ ದನಿ ಕೇಳಿದ್ದೇ ಹೆಚ್ಚು.

ಕೆಲಸಕ್ಕೆ ಸೇರಿದ ದಿನವೇ ಅವರು ಕಟ್ಟುನಿಟ್ಟಾಗಿ ಹೇಳಿದ್ದರು. "ನೋಡಪ್ಪ, ಕಾರಲ್ಲಿ ಆಡಿದ ಮಾತು ಕಾರಲ್ಲೇ ಇರ್ಬೇಕು. ಡ್ರೈವರ್‌ಗೆ ಕಣ್ಣು ನಾಲ್ಕಿದ್ರೂ ಒಳ್ಳೇದೇ, ಕಿವಿ ಮಾತ್ರ ಒಂದೂ ಬೇಡ." ಹೂಂ ಎಂದೆ. ಮಂತ್ರಿಗಳು ಬೈದದ್ದು, ಗುತ್ತಿಗೆದಾರರು ಬೆಣ್ಣೆ ಹಚ್ಚಿದ್ದು, ಟೀಚರಮ್ಮನ ತಂಗಿಯ ಮಗಳು ನಿಶ್ಚಯವಾದ ಮದುವೆ ಬೇಡವೆಂದದ್ದು, ಎಲ್ಲ ನನ್ನ ಹೊಟ್ಟೆಯಲ್ಲೇ ಇದೆ. ಹೊಟ್ಟೆ ಇಷ್ಟು ಮುಂದೆ ಬಂದಿರುವುದು ಅದಕ್ಕೇ ಎಂದು ಹೆಂಡತಿಗೆ ಹೇಳಿದರೆ ಅವಳು ಒಪ್ಪುವುದಿಲ್ಲ. ಅವಳು ನರ್ಸ್. ತೂಕದ ವಿಷಯದಲ್ಲಿ ನರ್ಸಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡ ಗಂಡಸು ಇನ್ನೂ ಹುಟ್ಟಿಲ್ಲ.

ಈ ಕಿವಿಯ ನಿಯಮಕ್ಕೆ ಒಂದೇ ಒಂದು ರಿಯಾಯಿತಿ ಇತ್ತು. ವರ್ಷಕ್ಕೆರಡು ಸಲ ಟೀಚರಮ್ಮ ಊರೂರು ಸುತ್ತಿ ಜನರಿಗೆ ವರದಿ ಒಪ್ಪಿಸುತ್ತಾರೆ: ಯಾವ ಶಾಲೆಗೆ ಎಷ್ಟು ಅನುದಾನ ಬಂತು, ಯಾವ ಆಸ್ಪತ್ರೆಗೆ ಏನು ಬಂತು, ಏನು ಬರಲಿಲ್ಲ, ಯಾಕೆ ಬರಲಿಲ್ಲ. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಭಾಷಣದ ತಾಲೀಮು ನಡೆಯುತ್ತದೆ. ಆಗ ನನಗೆ ಕಿವಿ ಬರುತ್ತದೆ. ಅರ್ಥವಾಗದ ಮಾತು ಬಂದರೆ ನಾನು ಹಾರ್ನ್ ಹೊಡೆಯಬೇಕು. ಅವರು ತಕ್ಷಣ ಅದನ್ನು ಹೊಡೆದು ಹಾಕಿ ಸುಲಭದ ಮಾತು ಬರೆಯುತ್ತಾರೆ. ಒಮ್ಮೆ 'ಸಮನ್ವಯಾತ್ಮಕ' ಎಂಬುದಕ್ಕೆ ಜೋರಾಗಿ ಹಾರ್ನ್ ಹೊಡೆದೆ. ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರಿನವನು ಗಾಡಿ ನಿಲ್ಲಿಸಿ, ಇಳಿದು ಬಂದು, ನನ್ನ ಕಾಲರ್ ಹಿಡಿದ. ಟೀಚರಮ್ಮ ಕಿಟಕಿಯಿಂದ ತಲೆ ಹೊರಹಾಕಿ, "ಬಿಡಪ್ಪ, ಅದು ನನಗೆ ಹೊಡೆದಿದ್ದು" ಎಂದರು. ಅವನು ಕಾಲರ್ ಬಿಟ್ಟು ಇಬ್ಬರನ್ನೂ ಒಂದು ನಮೂನೆ ನೋಡಿ ಹೋದ.

ಇರಲಿ. ಎಡವಟ್ಟು ಶುರುವಾದದ್ದು ಈ ಸಲದ ಸುತ್ತಾಟಕ್ಕೆ ಮೂರು ವಾರ ಮುಂಚೆ.

ಅವತ್ತು ಆರೋಗ್ಯ ಇಲಾಖೆಯ ಅಧಿಕಾರಿಯೊಬ್ಬರು ಫೋನ್ ಮಾಡಿದರು. ಟೀಚರಮ್ಮ ಕನ್ನಡಕ ಹುಡುಕುತ್ತಾ ಸ್ಪೀಕರ್ ಹಾಕಿದರು. ನಮ್ಮ ಊರಿನ ಆರೋಗ್ಯ ಕೇಂದ್ರವನ್ನು ಪೇಟೆಯ ದೊಡ್ಡ ಆಸ್ಪತ್ರೆಗೆ ಸೇರಿಸಿಬಿಡುವುದಂತೆ. ಸೇರಿಸುವುದು ಎಂದರೆ ಮುಚ್ಚುವುದು. ದೊಡ್ಡ ಆಸ್ಪತ್ರೆ ಇಪ್ಪತ್ತು ಕಿಲೋಮೀಟರಿನೊಳಗಿದ್ದರೆ ಚಿಕ್ಕದು ಬೇಡವೆಂದು ಹೊಸ ನಿಯಮ. "ನಿಮ್ಮದು ಹದಿನೆಂಟೇ ಇದೆ ಮೇಡಂ, ಫೈಲಲ್ಲಿ ಸ್ಪಷ್ಟವಾಗಿದೆ. ನೀವೊಂದು ಒಪ್ಪಿಗೆ ಕೊಟ್ರೆ, ಉಳಿದ ಅನುದಾನ ಶಾಲೆ ಕಡೆ ತಿರುಗಿಸಬಹುದು."

ಮೂರನೇ ಗೇರಿನಿಂದ ಸೀದಾ ಒಂದಕ್ಕೆ ಹಾಕಿದೆ, ಗಾಡಿ ಗೊರಗೊರ ಎಂದಿತು. ಆ ಕೇಂದ್ರದ ನರ್ಸ್ ನನ್ನ ಹೆಂಡತಿ. ಹದಿನಾಲ್ಕು ವರ್ಷದಿಂದ ಆ ಎರಡು ಕೋಣೆಯಲ್ಲಿ ಹೆರಿಗೆ ಮಾಡಿಸಿದ್ದಾಳೆ, ಚುಚ್ಚುಮದ್ದು ಹಾಕಿದ್ದಾಳೆ, ಬಿಪಿ ನೋಡಿ ಬೈದಿದ್ದಾಳೆ. ಕೇಂದ್ರದ ಹಿಂದಿನ ಕ್ವಾರ್ಟರ್ಸೇ ನಮ್ಮ ಮನೆ.

ಆಗಲಿ ಎಂದು ಒಪ್ಪಿಗೆ ಕೊಟ್ಟು ಫೋನ್ ಇಟ್ಟ ಮೇಲೆ ಟೀಚರಮ್ಮ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಕೇಳಿಸ್ತಾ?"

"ಇಲ್ಲ ಮೇಡಂ."

"ಒಳ್ಳೇದು. ಕೇಳಿಸದೇ ಇದ್ದಿದ್ದಕ್ಕೆ ತಲೆ ಕೆಡಿಸ್ಕೋಬೇಡ. ಸಿಸ್ಟರ್‌ಗೆ ಪೇಟೆ ಆಸ್ಪತ್ರೆಯಲ್ಲೇ ಕೆಲಸ ಆಗುತ್ತೆ. ನಿನಗೂ ಓಡಾಟ ತಪ್ಪುತ್ತೆ."

ಓಡಾಟದ ವಿಷಯ ಹೇಳಬೇಕು. ಟೀಚರಮ್ಮನ ಮನೆ ಇರುವುದು ಪೇಟೆಯಲ್ಲಿ. ನಾನು ದಿನಾ ಬೆಳಗ್ಗೆ ಬೈಕಿನಲ್ಲಿ ಹೋಗಿ ಸಂಜೆ ಬರುತ್ತೇನೆ. ಹೋಗಲು ನಲವತ್ತೊಂದು ಕಿಲೋಮೀಟರ್, ಬರಲು ನಲವತ್ತೊಂದು. ಹದಿನೆಂಟು ಇದ್ದದ್ದು ಸೇತುವೆ ಇದ್ದಾಗ. ಸೇತುವೆ ಬಿರುಕು ಬಿಟ್ಟು, ಎರಡು ಬದಿಗೂ ಗೋಡೆ ಕಟ್ಟಿ ಮುಚ್ಚಿ ಎರಡು ವರ್ಷವಾಯಿತು. ಈಗ ಹೊಳೆಯನ್ನು ಸುತ್ತಿಕೊಂಡು ಹೋಗಬೇಕು. ಹೊಂಡ ತುಂಬಿದ ಆ ರಸ್ತೆಯಲ್ಲಿ ಕಾರಿಗೂ ಒಂದೂಕಾಲು ಗಂಟೆ ಬೇಕು. ಫೈಲ್ ಬರೆದ ಪುಣ್ಯಾತ್ಮ ಹಳೇ ರಸ್ತೆಪಟ್ಟಿ ನೋಡಿ ಬರೆದಿದ್ದ. ಅದು ನನಗೆ ಆ ಕ್ಷಣವೇ ಗೊತ್ತಾಯಿತು.

ಹಾಗಿದ್ದೂ ನಾನು ತುಟಿ ಪಿಟಕ್ಕೆನ್ನಲಿಲ್ಲ. ಐದಾರು ಅಧಿಕಾರಿಗಳು ಸಹಿ ಹಾಕಿದ ಫೈಲು, ಸ್ಟೇರಿಂಗ್ ತಿರುಗಿಸುವವನು ನಾನ್ಯಾರು ತಿದ್ದುವುದಕ್ಕೆ? ಹೀಗೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಿಬಿಡುತ್ತೇನೆ, ಪೇಟೆಯಲ್ಲಿ ಮನೆ, ಬೆಳಗ್ಗೆ ಎಂಟಕ್ಕೆ ಎದ್ದರೂ ನಡೆಯುತ್ತದೆ ಎಂಬ ಆಸೆಯೂ ಒಂದು ಮೂಲೆಯಲ್ಲಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮನೆಯಲ್ಲಿ ಆ ಮೂರು ವಾರ ನನ್ನ ಪಾಡು ಬೇಡ. "ಯಾಕ್ರೀ, ಊಟ ಸೇರ್ತಿಲ್ವಾ?" ಎಂದು ಅವಳು ಕೇಳಿದರೆ, "ಕ್ಲಚ್ ಪ್ಲೇಟ್ ಹೋಗಿದೆ" ಎನ್ನುತ್ತಿದ್ದೆ. "ಕಾರಿಂದೋ ನಿಮ್ಮದೋ?" ಎನ್ನುತ್ತಿದ್ದಳು. ಅವಳೂ ಆ ದಿನಗಳಲ್ಲಿ ಸ್ವಲ್ಪ ಮಂಕಾಗಿದ್ದಳು. ನನ್ನದೇ ನನಗೆ ಹೆಚ್ಚಾಗಿ, ನಾನದನ್ನು ಗಮನಿಸಿದರೂ ಕೇಳಲಿಲ್ಲ.

ನಮ್ಮ ಊರಿನ ಸಭೆಯ ದಿನ ಬಂತು. ಬೆಳಗ್ಗೆ ಬೇರೆ ಎರಡು ಊರು ಮುಗಿಸಿ, ಹೊಳೆ ದಾಟುವ ಗೊಡವೆಯಿಲ್ಲದ ಇನ್ನೊಂದು ದಿಕ್ಕಿನಿಂದ ಬರುತ್ತಿದ್ದೆವು. ಶಾಲೆಯ ಭಾಗ ಟೀಚರಮ್ಮ ನೀರು ಕುಡಿದ ಹಾಗೆ ಹೇಳಿ ಮುಗಿಸಿದರು: ನಾಲ್ಕು ಹೊಸ ಕೊಠಡಿ, ಒಂದು ಪ್ರಯೋಗಾಲಯ, ಗಣಿತಕ್ಕೆ ಕಾಯಂ ಮೇಷ್ಟ್ರು. ಆಮೇಲೆ ದನಿ ತಗ್ಗಿತು.

"ಗ್ರಾಮೀಣ ಆರೋಗ್ಯ ಸೇವೆಗಳನ್ನು ಸಮಗ್ರವಾಗಿ ಪುನರ್‌ಸಂಘಟಿಸಲಾಗುತ್ತಿದ್ದು..."

ಹಾರ್ನ್ ಹೊಡೆದೆ.

"ಸರಿ. ಆರೋಗ್ಯ ಕೇಂದ್ರವನ್ನು ಉನ್ನತ ಸೌಲಭ್ಯಗಳೊಂದಿಗೆ ಜೋಡಿಸಲಾಗುತ್ತಿದೆ."

ಇನ್ನೊಮ್ಮೆ ಹೊಡೆದೆ. ರಸ್ತೆ ಬದಿಯ ಎಮ್ಮೆ ಕೂಡ ತಿರುಗಿ ನೋಡಿತು.

"ಇದರಲ್ಲಿ ಅರ್ಥ ಆಗದೇ ಇರೋದು ಏನಿದೆಯಪ್ಪ?"

"ನನಗೆ ಅರ್ಥ ಆಗುತ್ತೆ ಮೇಡಂ. ಜನಕ್ಕೆ ಆಗಲ್ಲ. ಆಗಬಾರದು ಅಂತ ಬರೆದ ಹಾಗಿದೆ."

ಒಂಬತ್ತು ವರ್ಷದಲ್ಲಿ ಅಷ್ಟು ಉದ್ದದ ಮಾತು ನಾನು ಅವರೆದುರು ಆಡಿರಲಿಲ್ಲ. ಕೆಲಸ ಹೋಯಿತೆಂದೇ ಅಂದುಕೊಂಡೆ. ಹಿಂದೆ ಪೆನ್ನು ಗರಗರ ಓಡಿತು. "ಬರೋ ತಿಂಗಳಿಂದ ನಿಮ್ಮೂರ ಆರೋಗ್ಯ ಕೇಂದ್ರ ಮುಚ್ಚುತ್ತೆ" ಎಂದು ಓದಿದರು. ನಾನು ಹಾರ್ನ್ ಹೊಡೆಯಲಿಲ್ಲ.

ಶಾಲೆಯ ಸಭಾಂಗಣದಲ್ಲಿ ಜನ ಕಿಕ್ಕಿರಿದಿದ್ದರು. ಹೆಂಡತಿ ಬಿಳಿ ಕೋಟಿನಲ್ಲೇ ಬಂದು ಮೊದಲ ಸಾಲಿನಲ್ಲಿ ಕೂತಿದ್ದಳು. ನಾನು ಬಾಗಿಲಿಗೆ ಒರಗಿ ನಿಂತೆ, ಅವಳ ಕಣ್ಣಿಗೆ ಬೀಳದ ಹಾಗೆ. ಕೊಠಡಿಗಳಿಗೆ ಚಪ್ಪಾಳೆ ಬಿತ್ತು, ಮೇಷ್ಟ್ರಿಗೆ ಇನ್ನೂ ಜೋರಾಗಿ ಬಿತ್ತು. ಆಮೇಲೆ ಟೀಚರಮ್ಮ ಆ ಮಾತು ಹೇಳಿದರು.

ಊರಿನ ದರ್ಜಿ ಎದ್ದು ನಿಂತ. ಅವನ ಮೂರು ಮಕ್ಕಳೂ ಹುಟ್ಟಿದ್ದು ಆ ಕೇಂದ್ರದಲ್ಲೇ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. "ಯಾಕೆ ಮುಚ್ತಾರೆ ಮೇಡಂ?"

"ಪೇಟೆ ಆಸ್ಪತ್ರೆ ಹದಿನೆಂಟೇ ಕಿಲೋಮೀಟರ್. ಇಪ್ಪತ್ತರೊಳಗಿದ್ರೆ ಮುಚ್ಚಬೇಕು ಅಂತ ನಿಯಮ ಬಂದಿದೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದರ್ಜಿ ಮಾತ್ರ ನಗಲಿಲ್ಲ. "ಅಳತೆ ಯಾವ ಕಡೆಯಿಂದ ತಗೊಂಡ್ರಿ? ಈಜಿಕೊಂಡು ಹೋದ್ರೆ ಹದಿನೆಂಟು ಸರಿ. ನನ್ನ ಸೊಸೆಗೆ ಈಗ ಎಂಟು ತಿಂಗಳು, ಅವಳಿಗೆ ಈಜು ಬರಲ್ಲ."

ಟೀಚರಮ್ಮ ಕಾಗದ ನೋಡಿದರು. ಕನ್ನಡಕ ತೆಗೆದರು. ಆಮೇಲೆ ಬಾಗಿಲ ಕಡೆ ತಿರುಗಿ ಎಲ್ಲರೆದುರೇ ಕೇಳಿದರು. "ಏನಪ್ಪಾ, ನೀನು ದಿನಾ ಓಡಾಡ್ತೀಯಲ್ಲ. ಎಷ್ಟು?"

"ನಲವತ್ತೊಂದು ಮೇಡಂ. ಸೇತುವೆ ಮುಚ್ಚಿದಾಗಿನಿಂದ."

"ಆ ಸೇತುವೆ ಮುಚ್ಚಿಸಿದ್ದು ನಾನೇ" ಎಂದರು ಟೀಚರಮ್ಮ, ತಮಗೆ ತಾವೇ ಹೇಳಿಕೊಂಡ ಹಾಗೆ. ಆಮೇಲೆ ಸಭೆಗೆ ಹೇಳಿದರು: "ಇಪ್ಪತ್ತೆರಡು ವರ್ಷ ಮಕ್ಕಳಿಗೆ ಉತ್ತರ ತಾಳೆ ನೋಡಿ ಅಂತ ಹೇಳಿಕೊಟ್ಟೋಳು ನಾನು. ಈ ಫೈಲನ್ನ ತಾಳೆ ನೋಡದೇ ಒಪ್ಪಿಗೆ ಕೊಟ್ಟೆ. ತಪ್ಪು ನಂದು. ಕೇಂದ್ರ ಮುಚ್ಚಲ್ಲ ಅಂತ ನಾನು ಇವತ್ತು ಮಾತು ಕೊಡಲ್ಲ, ಅದು ಇಲಾಖೆ ಕೈಲಿದೆ. ನನ್ನ ಒಪ್ಪಿಗೆ ವಾಪಸ್ ತಗೋತೀನಿ. ಅಷ್ಟು ನನ್ನ ಕೈಲಿದೆ." ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಬೈಯಲೂ ಇಲ್ಲ. ನನ್ನ ಹೆಂಡತಿ ಮಾತ್ರ ಪೂರ್ತಿ ತಿರುಗಿ ನನ್ನನ್ನೇ ನೋಡುತ್ತಿದ್ದಳು.

ಪೇಟೆಗೆ ವಾಪಸಾಗುವಾಗ ಆ ಸುತ್ತುಬಳಸಿನ ರಸ್ತೆಯಲ್ಲೇ ಬಂದೆವು. ಒಂದೊಂದು ಹೊಂಡಕ್ಕೂ ಟೀಚರಮ್ಮ ಮೇಲಿನ ಹಿಡಿಕೆ ಹಿಡಿದುಕೊಂಡರು. ಹದಿನೆಂಟು ದಾಟಿದಾಗ, ಇಪ್ಪತ್ತು ದಾಟಿದಾಗ, ಮುಂದೆ ಬಾಗಿ ಮೀಟರ್ ನೋಡಿದರು.

"ಫೋನ್ ಬಂದ ದಿನವೇ ನಿನಗೆ ಗೊತ್ತಾಗಿತ್ತಲ್ವಾ?"

"ಹೌದು ಮೇಡಂ. ಕಾರಲ್ಲಿ ಆಡಿದ ಮಾತು ಹೊರಗೆ ಹೋಗಬಾರದು ಅಂದಿದ್ರಿ."

"ಹೊರಗೆ ಹೇಳಬೇಡ ಅಂದಿದ್ದೆ. ನಾನು ಹೊರಗಿನವಳೇನೋ?"

ಇದಕ್ಕಿಂತ ಎರಡು ಬಾರಿಸಿದ್ದರೆ ಚೆನ್ನಾಗಿತ್ತು. ಅವರು ಅಧಿಕಾರಿಗೆ ಫೋನ್ ಹಚ್ಚಿದರು. ಆ ಕಡೆಯ ದನಿ ಬಹಳ ವಿನಯದಿಂದ ಇತ್ತು. ಶಾಸಕರ ಒಪ್ಪಿಗೆ ವಾಪಸ್ ಪಡೆದರಷ್ಟೇ ಸಾಲದಂತೆ. ಕೇಂದ್ರದ ಸಿಬ್ಬಂದಿಯಿಂದ ಕಾರಣ ಸಹಿತ ಲಿಖಿತ ಆಕ್ಷೇಪ ಬರಬೇಕಂತೆ, ನಾಳೆ ಸಂಜೆ ಐದಕ್ಕೆ ಗಡುವು. "ನಮೂನೆ ಕಳಿಸಿ ತಿಂಗಳಾಯ್ತು ಮೇಡಂ. ಆ ಕೇಂದ್ರದಿಂದ ಏನೂ ಬಂದಿಲ್ಲ."

ಆ ಕೇಂದ್ರದ ಸಿಬ್ಬಂದಿ ಎಂದರೆ ಒಬ್ಬಳೇ ಒಬ್ಬಳು. ನಾನು ಅವರನ್ನು ಮನೆಗೆ ಬಿಟ್ಟು, ಬೈಕ್ ಹತ್ತಿ, ಊರಿಗೆ ಬಂದು ಮುಟ್ಟಿದಾಗ ಇನ್ನೂ ಕತ್ತಲಾಗಿರಲಿಲ್ಲ.

ಹೆಂಡತಿ ಊಟದ ಮೇಜಿನ ಮುಂದೆ ಕೂತಿದ್ದಳು. ಎದುರಿಗೆ ಕಂದು ಬಣ್ಣದ ಲಕೋಟೆ, ಅದರ ಮೇಲೆ 'ಗೋಪ್ಯ' ಎಂಬ ಕೆಂಪು ಮೊಹರು.

"ನಿಮಗೆ ಯಾವಾಗಿಂದ ಗೊತ್ತಿತ್ತು?"

"ಮೂರು ವಾರ."

"ನನಗೆ ನಾಲ್ಕು" ಎಂದಳು. "ಯಾರಿಗೂ ಹೇಳಕೂಡದು ಅಂತ ಬರೆದಿತ್ತು. ಹೇಳಲಿಲ್ಲ. ನಿಮಗೆ ಕಾರಲ್ಲಿ ಹೇಗೂ ಗೊತ್ತಾಗುತ್ತೆ, ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಕಾದೆ. ನೀವು ಕ್ಲಚ್ ಪ್ಲೇಟ್ ಅಂದ್ರಿ."

ಒಂದೇ ಮೇಜಿನಲ್ಲಿ ಎದುರುಬದುರು ಕೂತು, ಒಂದೇ ವಿಷಯವನ್ನು ಇಬ್ಬರೂ ಅನ್ನದ ಜೊತೆ ನುಂಗಿದ್ದೆವು. ಕ್ಷಮಿಸು ಎಂದೆ. ಅವಳು ಲಕೋಟೆಯಿಂದ ನಮೂನೆ ತೆಗೆದಳು. ಹೆಸರು, ಹುದ್ದೆ, ಎಲ್ಲ ಪೆನ್ನಿನಲ್ಲಿ ತುಂಬಿದ್ದಳು. 'ಆಕ್ಷೇಪಕ್ಕೆ ಕಾರಣ' ಎಂಬಲ್ಲಿ ಮಾತ್ರ ಪೆನ್ಸಿಲಿನಲ್ಲಿ ಬರೆದು ಅಳಿಸಿ, ಬರೆದು ಅಳಿಸಿ, ಕಾಗದ ತೆಳ್ಳಗಾಗಿತ್ತು. ಬೆಳಕಿಗೆ ಹಿಡಿದರೆ ಅಕ್ಷರ ಕಾಣುತ್ತಿತ್ತು: ಇಲ್ಲಿಯವರಿಗೆ ನಾನು ಬಿಟ್ಟರೆ ಬೇರೆ ಯಾರೂ ಇಲ್ಲ.

"ಇಂಥದ್ದನ್ನೆಲ್ಲ ಅವರು ಕಾರಣ ಅಂತ ಒಪ್ಪಲ್ಲ" ಎಂದಳು. "ಆಡಳಿತಾತ್ಮಕ ಕಾರಣದಿಂದ ಮುಚ್ತೀವಿ ಅಂತ ಅಷ್ಟೇ ಬರೆದಿದ್ರು. ಹದಿನೆಂಟು ಅನ್ನೋ ಲೆಕ್ಕ ನಾನು ಕೇಳಿದ್ದೇ ಇವತ್ತು. ಮೂರು ವಾರದ ಹಿಂದೆ ಹೇಳಿದ್ರೆ ಅವತ್ತೇ ಬರೆದು ಕಳಿಸ್ತಿದ್ದೆ."

ಪೆನ್ನು ತೆಗೆದು, ಕಾಗದ ಹರಿಯದ ಹಾಗೆ ಮೆಲ್ಲಗೆ ಬರೆಯತೊಡಗಿದಳು. ನಾನು ಸೇತುವೆ, ತಿರುವು, ಮೀಟರಿನ ಅಂಕಿ ಎಲ್ಲ ಒಂದೊಂದಾಗಿ ಹೇಳಿದೆ. ಕೊನೆಯಲ್ಲಿ 'ಸಾಕ್ಷಿ' ಎಂದಿದ್ದ ಗೆರೆಯ ಮೇಲೆ ಬೆರಳಿಟ್ಟು ನನ್ನ ಕಡೆ ತಳ್ಳಿದಳು.

"ಸರ್ಕಾರದ ಲೆಕ್ಕ ತಪ್ಪು ಅಂತ ಶಾಸಕರ ಡ್ರೈವರ್ ಸಹಿ ಹಾಕಿದ್ರೆ ಕೆಲಸ ಉಳಿಯುತ್ತಾ?"

"ಗೊತ್ತಿಲ್ಲ ಕಣೇ. ಹೋದ್ರೆ ನಿನ್ನ ಸಂಬಳ ಇದೆಯಲ್ಲ."

"ನನ್ನ ಸಂಬಳಕ್ಕೇನು, ಈ ಕಾಗದ ಕಳಿಸದೇ ಇದ್ರೂ ಪೇಟೆಯಲ್ಲಿ ಬರುತ್ತೆ" ಎಂದಳು. "ದರ್ಜಿ ಸೊಸೆಗೆ ಇನ್ನು ಐದೇ ವಾರ."

ನಾನು ಪೆನ್ನು ತೆಗೆದುಕೊಂಡು ಸಹಿ ಹಾಕಿದೆ.