ಶ್ರೀಕಂಠನ ತೆಲುಗು

ಶ್ರೀಕಂಠನಿಗೆ ತೆಲುಗು ಬರುತ್ತದೆಯೋ ಇಲ್ಲವೋ ಎಂಬ ಮಹತ್ವದ ಪ್ರಶ್ನೆಯು ವಿಶಾಖಪಟ್ಟಣದ ಎಂವಿಪಿ ಕಾಲನಿಯ ಫ್ಲ್ಯಾಟೊಂದರಲ್ಲಿ, ಭಾನುವಾರ ಬೆಳಿಗ್ಗೆ, ಇಡ್ಲಿ ತಟ್ಟೆಗಳನ್ನು ಇನ್ನೂ ಎತ್ತಿರದ ಹೊತ್ತಿನಲ್ಲಿ ವಿಚಾರಣೆಗೆ ಬಂತು. ನದಿ ನೀರು, ರಾಜ್ಯದ ಗಡಿ ಮುಂತಾದ ಚಿಲ್ಲರೆ ವಿಷಯಗಳಿಗೆ ಆಯೋಗಗಳಿವೆ. ಇದಕ್ಕೆ ಸಿಕ್ಕಿದ್ದು ಒಂದು ಹಳೆಯ ಸೋಫಾ, ಪ್ಲಾಸ್ಟಿಕ್ ಕುರ್ಚಿಗಳು ಮತ್ತು ಸತ್ಯಮೂರ್ತಿ.

ಸತ್ಯಮೂರ್ತಿ ಮನೆಗಳಿಗೆ ನರ್ಸುಗಳನ್ನು ಕಳಿಸಿಕೊಡುವ ಬ್ಯೂರೋ ಇಟ್ಟುಕೊಂಡವನು. ಗಿರಾಕಿಗಳ ಮನೆಯಲ್ಲಿ ಪೂರ್ತಿ ಕೂರುವುದು ಅಗೌರವವೆಂದು ತಿಳಿದು ಸೋಫಾದ ಅಂಚಿಗೆ ಸುಮ್ಮನೆ ತಾಗಿಕೊಂಡಿದ್ದ. ಎದುರಿನ ಕುರ್ಚಿಯಲ್ಲಿ ಅವನ ನರ್ಸು ಸೀತಾಮಹಾಲಕ್ಷ್ಮಿ ಅದರ ಎರಡು ತೋಳುಗಳ ಮೇಲೂ ಕೈ ಚಾಚಿ, ಬೆನ್ನು ಒರಗಿಸಿ, ಚೆನ್ನಾಗಿಯೇ ಕೂತಿದ್ದಳು. ತಪ್ಪಿತಸ್ಥಳೆಂದು ಕರೆಸಿದವಳು ಹಾಗೆ ಕೂರಬಾರದಿತ್ತು ಎಂದು ಶ್ರೀಕಂಠನಿಗೆ ಅನ್ನಿಸುತ್ತಿತ್ತು. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಲ್ಲಿ ಅವನ ತಾಯಿ ಸುಶೀಲಮ್ಮ ದಿಂಬುಗಳಿಗೆ ಒರಗಿದ್ದರು. ಆಸ್ಪತ್ರೆಯಿಂದ ಬಂದು ಇನ್ನೂ ಎರಡು ದಿನ. ಅವರು ಬದುಕಿ ಬಂದದ್ದನ್ನು ಮನೆಯವರೆಲ್ಲ ಸೇರಿ ದೇವರ ಖಾತೆಗೆ ಜಮಾ ಮಾಡಿದ್ದರು.

"ಆವತ್ತು ಫೋನಿನಲ್ಲಿ ಏನು ಹೇಳಿದಿರಿ? ಅದೇ ಮಾತನ್ನು ಇಲ್ಲಿ ಹೇಳಿ," ಎಂದು ಶ್ರೀಕಂಠ ತೆಲುಗಿನಲ್ಲಿ ಕೇಳಿದ.

"ಏಟಿ ಬಾಬೂ, ಎನ್ನಿ ಸಾರ್ಲು ಚೆಪ್ಪಾಲಿ?" ಎಷ್ಟು ಸಲ ಹೇಳಬೇಕು ಎಂದು ಸೀತಾಮಹಾಲಕ್ಷ್ಮಿ ಸಿಡಿದಳು. "ಅಮ್ಮಗಾರಿಕಿ ಆಯಾಸಂಗಾ ಉಂದಿ ಅನ್ನಾನು. ಮಳ್ಳೀ ಚೇಸಿ ಚಾಲಾ ಆಯಾಸಂ ಅನ್ನಾನು." ಅಮ್ಮನವರಿಗೆ ಆಯಾಸಂ ಎಂದೆ, ಮತ್ತೆ ಫೋನ್ ಮಾಡಿ ಬಹಳ ಆಯಾಸಂ ಎಂದೆ ಎಂದಳು.

"ಕೇಳಿದ್ಯಾ?" ಶ್ರೀಕಂಠ ಗೆದ್ದವನಂತೆ ಹೆಂಡತಿ ಶಾರದೆಯ ಕಡೆ ತಿರುಗಿ ಕನ್ನಡಕ್ಕೆ ಬಂದ. "ಆಯಾಸ ಅಂತ! ಅವಳ ಬಾಯಲ್ಲೇ ಬಂತು. ಆಯಾಸ ಅಂದ್ರೆ ಯಾವನಾದ್ರೂ ಬ್ಯಾಂಕ್ ಬಿಟ್ಟು ಓಡಿ ಬರ್ತಾನೇನೆ? ನಂಗೂ ದಿನಾ ಸಾಯಂಕಾಲ ಆಯಾಸ ಆಗತ್ತೆ."

ಗಿರಾಕಿಗಳ ಕನ್ನಡ ಒಂದಿಷ್ಟು ತಿಳಿಯುತ್ತಿದ್ದ ಸತ್ಯಮೂರ್ತಿ ಬಾಯಿ ತೆರೆದ. ಶ್ರೀಕಂಠನ ಮುಖ ನೋಡಿ ಮುಚ್ಚಿಕೊಂಡ. ಶಾರದಾ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು. ಮಗಳು ಜಾಹ್ನವಿ ಮಾತ್ರ ಅಪ್ಪನನ್ನೇ ದಿಟ್ಟಿಸಿದಳು. ಎಲ್ಲಿ ತಪ್ಪಿತು ಎಂಬುದು ಆ ಕ್ಷಣದಲ್ಲಿ ಶ್ರೀಕಂಠನೊಬ್ಬನನ್ನು ಬಿಟ್ಟು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ತೆಲುಗಿನಲ್ಲಿ ಆಯಾಸಂ ಎಂದರೆ ದಣಿವಲ್ಲ. ಏದುಸಿರು.

ನಂಜನಗೂಡಿನ ಶ್ರೀಕಂಠ ಬ್ಯಾಂಕಿನ ವರ್ಗಾವಣೆಯಲ್ಲಿ ಮೊದಲು ಬಂದದ್ದು ವಿಜಯವಾಡಕ್ಕೆ. ಭವಾನಿಪುರಂನಲ್ಲಿ ಮನೆ ಮಾಡಿ, ಕೃಷ್ಣೆಯ ನೀರು ಕುಡಿದು ತಾನು ಕಲಿತದ್ದೇ ಶುದ್ಧ ತೆಲುಗೆಂದೂ, ವಿಶಾಖಪಟ್ಟಣದವರು ಆಡುವುದು ಅದರ ತುಕ್ಕು ಹಿಡಿದ ರೂಪವೆಂದೂ ಅವನ ಅಭಿಪ್ರಾಯ. ತರಕಾರಿ ಗಾಡಿಯವನ ಉಚ್ಚಾರಣೆಯನ್ನು ತಿದ್ದಿ ಬದನೆಕಾಯಿ ಕೊಳ್ಳುತ್ತಿದ್ದ. ಹಿಂದಿನ ವರ್ಷ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ತೆಲುಗಿನವರಾದ ಒಬ್ಬ ಪ್ರಿನ್ಸಿಪಾಲರು ಅತಿಥಿಗಳಾಗಿ ಬಂದಾಗ ಅವರ ಭಾಷಣವನ್ನು ಕನ್ನಡಿಸುವ ಹೊಣೆ ಸಹಜವಾಗಿಯೇ ಇವನಿಗೆ ಬಂತು. ಎರಡು ಭಾಷೆಗಳ ಸ್ನೇಹ ಈ ಕಾಲಕ್ಕೆ "ಚಾಲಾ ಅವಸರಂ" ಎಂದು ಅವರು ಭಾವಪೂರ್ಣವಾಗಿ ನುಡಿದರು. ಬಹಳ ಅಗತ್ಯ ಎಂದು ಅವರ ಅರ್ಥ. "ಅತಿಥಿಗಳಿಗೆ ಬಹಳ ಅವಸರವಿದೆಯಂತೆ," ಎಂದು ಶ್ರೀಕಂಠ ಮೈಕಿನಲ್ಲಿ ಸಾರಿದ. ಸಂಘದವರು ಗಾಬರಿಬಿದ್ದು ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿತ್ತು, ಬಿಸಿಬೇಳೆಬಾತನ್ನೂ ತಿನ್ನಿಸದೆ ಅವರನ್ನು ಕಾರು ಹತ್ತಿಸಿದರು. ಅವರು ಸಪ್ಪೆ ಮುಖ ಮಾಡಿಕೊಂಡು ಹೋದದ್ದು ಅವಸರಕ್ಕೇ ಎಂದು ಶ್ರೀಕಂಠ ಇಂದಿಗೂ ನಂಬಿದ್ದಾನೆ.

2007ರ ಬೇಸಿಗೆಯಲ್ಲಿ ಸುಶೀಲಮ್ಮನವರ ಹೃದಯ ಸೋಲತೊಡಗಿತು. ಶಾರದೆಗೆ ಶಾಲೆ, ಜಾಹ್ನವಿಗೆ ಕಾಲೇಜು, ಶ್ರೀಕಂಠನಿಗೆ ಬ್ಯಾಂಕು. ಹಗಲು ಹೊತ್ತು ಮನೆಯಲ್ಲಿ ನರ್ಸು ಇರಬೇಕೆಂದು ಡಾಕ್ಟರು ಹೇಳಿದ ಮೇಲೆ ಗಾಜುವಾಕದಿಂದ ಬಸ್ಸು ಹಿಡಿದು ಬಂದವಳು ಸೀತಾಮಹಾಲಕ್ಷ್ಮಿ. ಹುಟ್ಟೂರು ಶ್ರೀಕಾಕುಳದ ಕಡೆ. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಮೂಗಿನ ತುದಿಯ ಕೋಪ. ಉಪ್ಪು ವಿಷವೆಂದು ಕೂಗಾಡಿ ಮಾವಿನ ಮಿಡಿ ಉಪ್ಪಿನಕಾಯಿಯ ಜಾಡಿಯನ್ನು ಬೀರುವಿನ ನೆತ್ತಿಗೇರಿಸಿದಳು. ಸುಶೀಲಮ್ಮ ಅಪ್ಪಟ ನಂಜನಗೂಡಿನ ಕನ್ನಡದಲ್ಲಿ, "ನಿನ್ ಕೈಗೆ ಕಜ್ಜಿ ಬರ, ನಮ್ಮನೆ ಉಪ್ಪಿನಕಾಯಿ ಮುಟ್ಟಕ್ಕೆ ನೀ ಯಾರೇ?" ಎಂದು ಬೈದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದುದರಿಂದ ಇಬ್ಬರ ನಡುವೆ ಅಪಾರ್ಥಕ್ಕೆ ಆಸ್ಪದವೇ ಇರಲಿಲ್ಲ. ಅಡಿಗಡಿಗೆ ನರ್ಸು ಬಂದು ತನ್ನ ಎದೆಯ ಮೇಲೆ ಕೈಯಿಟ್ಟು ಉಸಿರೆಳೆದು ತೋರಿಸಿ, "ಆಯಾಸಮಾ ಅಮ್ಮಾ?" ಎಂದು ಕೇಳುವಳು. "ಲೇದಮ್ಮಾ, ಲೇದು. ಹೋಗು ಅತ್ಲಾಗೆ," ಎಂದು, ಕಲಿತಿದ್ದ ಒಂದೇ ತೆಲುಗಿನಲ್ಲಿ ಇಲ್ಲವೆನ್ನುತ್ತ ಮುದುಕಿ ಕೈ ಬೀಸುವರು.

ಲೇದು ಎನ್ನಲಾಗದ ಮಧ್ಯಾಹ್ನವೂ ಬಂತು. ಸೀತಾಮಹಾಲಕ್ಷ್ಮಿ ಬ್ಯಾಂಕಿಗೆ ಫೋನ್ ಮಾಡಿದಾಗ ಶ್ರೀಕಂಠನ ಎದುರು ಆಡಿಟರ್ ಕೂತಿದ್ದ. "ಆಯಾಸಮಾ? ಅಯಿತೇ ಪಡುಕೋಮನಂಡಿ," ಎಂದ ಶ್ರೀಕಂಠ. ಹಾಗಾದರೆ ಮಲಗಿಕೊಳ್ಳಲು ಹೇಳಿ. ಆಕೆ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದಳು. ಉಸಿರಿಗೆ ಒದ್ದಾಡುವ ತಾಯಿಯನ್ನು ಅಂಗಾತ ಮಲಗಿಸು ಎನ್ನುವ ಮಗನನ್ನು ಈ ಕೆಲಸದಲ್ಲಿ ಅದುವರೆಗೆ ಕಂಡಿರಲಿಲ್ಲ. ಇಂಥವರೂ ಇರುತ್ತಾರೆ ಎಂದುಕೊಂಡಳು. ಮತ್ತೆ ಮಾಡಿದಳು. ಅದೇ ಉತ್ತರ, ಸ್ವಲ್ಪ ಗಡಸಾಗಿ. ಮತ್ತೊಮ್ಮೆ ಮಾಡಿದಾಗ ಅವನು ಎತ್ತಲೇ ಇಲ್ಲ. ಮನೆಯವರ ಮಾತಿಲ್ಲದೆ ರೋಗಿಯನ್ನು ಹೊಸ್ತಿಲು ದಾಟಿಸಬಾರದೆಂಬುದು ಬ್ಯೂರೋದ ನಿಯಮ. ಆಕೆ ವಾಚ್‌ಮನ್‌ನನ್ನು ಕೂಗಿ, ಇಬ್ಬರೂ ಸೇರಿ ಸುಶೀಲಮ್ಮನವರನ್ನು ಕುರ್ಚಿಸಮೇತ ಕೆಳಗಿಳಿಸಿ, ಆಟೋದಲ್ಲಿ ತನ್ನ ಹೆಗಲಿಗೆ ನೆಟ್ಟಗೆ ಒರಗಿಸಿಕೊಂಡು ಆಸ್ಪತ್ರೆಗೆ ಒಯ್ದಳು.

ಶ್ವಾಸಕೋಶದಲ್ಲಿ ನೀರು ತುಂಬಿದೆ, ಇನ್ನೂ ಮುಂಚೆ ತರಬೇಕಿತ್ತು ಎಂದರು ಡಾಕ್ಟರು. ಆ ಮಾತು ಹೇಗೋ ಮೈಸೂರು ಮುಟ್ಟಿತು. ಅಲ್ಲಿಂದ ಅಕ್ಕ ಪದ್ಮಾ ದಿನವೂ ಫೋನಿನಲ್ಲಿ, "ಅಮ್ಮ ಉಸಿರಿಗೆ ಒದ್ದಾಡ್ತಿದ್ರೆ ನೀ ಏನ್ ಕಡಿದು ಕಟ್ಟೆ ಹಾಕ್ತಿದ್ಯೋ?" ಎಂದು ಕೇಳತೊಡಗಿದಳು. ಉತ್ತರ ಬೇಕಿತ್ತು. ಉತ್ತರವನ್ನು ಹೊರಿಸಲು ಒಬ್ಬ ವ್ಯಕ್ತಿಯೂ ಬೇಕಿತ್ತು. ಹೀಗೆ ಸೀತಾಮಹಾಲಕ್ಷ್ಮಿಯ ಮೇಲೆ ಆರೋಪಗಳು ಸಿದ್ಧವಾದವು. ವಿಷಯ ತಿಳಿಸಲಿಲ್ಲ ಎಂಬುದು ಮೊದಲನೆಯದು. ಕೇಳದೆ ಆಸ್ಪತ್ರೆಗೆ ಸಾಗಿಸಿದಳು ಎಂಬುದು ಎರಡನೆಯದು. ಒಂದು ಇನ್ನೊಂದರ ಕತ್ತು ಹಿಸುಕುತ್ತಿದ್ದರೂ ಶ್ರೀಕಂಠ ಎರಡನ್ನೂ ಒಟ್ಟಿಗೆ ಸಾಕಿಕೊಂಡಿದ್ದ.

"ಅಪ್ಪಾ, ಆಯಾಸಂ ಅಂದ್ರೆ ಟೈರ್ಡ್ ಕಾದು," ಎಂದಳು ಆ ಭಾನುವಾರದ ವಿಚಾರಣೆಯಲ್ಲಿ ಜಾಹ್ನವಿ. ವಿಜಯವಾಡದಲ್ಲಿ ಬೆಳೆದ ಅವಳ ಕನ್ನಡದಲ್ಲಿ ಸಿಟ್ಟು ಬಂದಾಗ ತೆಲುಗು ನುಗ್ಗಿ, ಅಲ್ಲ ಎಂಬುದು ಕಾದು, ಗೊತ್ತು ಎಂಬುದು ತೆಲುಸು ಆಗುತ್ತಿತ್ತು. "ಉಸಿರು ಆಡೋದಿಲ್ಲ ಅಂತ ಅರ್ಥ. ಆಂಟಿ ಕರೆಕ್ಟಾಗೇ ಹೇಳಿದ್ದಾರೆ. ಇಲ್ಲಿ ಎಲ್ಲರಿಗೂ ಅದು ತೆಲುಸು. ಅಮ್ಮಂಗೂ ತೆಲುಸು."

ಶಾರದಾ ತಟ್ಟೆಗಳನ್ನೆತ್ತಿಕೊಂಡು ಒಳಗೆ ಹೋದಳು.

"ಕಾದು ಅಂತೆ, ತೆಲುಸು ಅಂತೆ! ನಿಂಗೆ ಕನ್ನಡಾನೇ ನೆಟ್ಟಗೆ ಬರಲ್ಲ, ನಂಗೆ ಪಾಠ ಹೇಳ್ತೀಯ?" ಶ್ರೀಕಂಠ ಎದ್ದು ನಿಂತ. "ಆಯಾಸ ಸಂಸ್ಕೃತ ಪದ. ಸಂಸ್ಕೃತಕ್ಕೆ ಕನ್ನಡ, ತೆಲುಗು ಅಂತ ಬೇರೆ ಬೇರೆ ಅರ್ಥ ಇರಲ್ಲ. ಕಾಶಿಗೆ ಹೋದ್ರೂ ಆಯಾಸ ಅಂದ್ರೆ ದಣಿವೇ. ಏನಂಡಿ ಸತ್ಯಮೂರ್ತಿಗಾರು?"

ಸತ್ಯಮೂರ್ತಿಯ ಮುಖದಲ್ಲಿ ಸತ್ಯ ಒಂದು ಸಲ ಮಿಂಚಿ ಮಾಯವಾಯಿತು. ಈ ಕಾಲನಿಯ ಬ್ಯಾಂಕಿನವರಲ್ಲಿ ಅವನಿಗೆ ಇನ್ನೂ ಎಷ್ಟೋ ಗಿರಾಕಿಗಳಿದ್ದರು. "ಸರ್ ಹೇಳೋದು ಪಾಯಿಂಟೇ," ಎಂದು ತೆಲುಗಿನಲ್ಲಿ ಅಂದ. "ಸಂಸ್ಕೃತದ ಪ್ರಕಾರ ನೋಡಿದರೆ ಸರ್ ಹೇಳೋದೇ ಕರೆಕ್ಟು. ಇನ್ನು ಮುಂದೆ ನಮ್ಮ ನರ್ಸುಗಳೆಲ್ಲ ಬ್ರೀದಿಂಗ್ ಪ್ರಾಬ್ಲಮ್ ಅಂತ ಇಂಗ್ಲಿಷಿನಲ್ಲೇ ಹೇಳೋ ಹಾಗೆ ರೂಲ್ ಮಾಡ್ತೀನಿ ಸರ್."

ಇಷ್ಟೂ ಹೊತ್ತು ಕನ್ನಡದಲ್ಲಿ ಹಾರಾಡುತ್ತಿದ್ದ 'ಸಂಸ್ಕೃತ' ಎಂಬ ಪದ ಸೀತಾಮಹಾಲಕ್ಷ್ಮಿಗೆ ಅರ್ಥವಾಯಿತು. ಕುರ್ಚಿಯಿಂದೆದ್ದು ಆಕೆ ಏನು ಹೇಳಿದಳೋ, ಶ್ರೀಕಾಕುಳದ ವೇಗದಲ್ಲಿ ಹೇಳಿದಳು. ಪಕ್ಕದ ಫ್ಲ್ಯಾಟಿನ ಟೀವಿಯ ಸದ್ದು ತಗ್ಗಿತು.

"ಏನಂತೆ?" ಶ್ರೀಕಂಠ ಮಗಳನ್ನು ಕೇಳಿದ.

"ನೀವೇ ಹೇಳಿ ಅಪ್ಪಾ. ನಿಮಗೆ ಬರುತ್ತಲ್ಲ."

"ಅದು ತೆಲುಗೇನೇ? ಬರೀ ಕಾಡುಭಾಷೆ. ಏನಂತೆ ಹೇಳು."

"ನನ್ನ ಪೇಷೆಂಟು ಸಂಸ್ಕೃತದಲ್ಲಿ ಏದುಸಿರು ಬಿಡ್ತಿರಲಿಲ್ಲ ಬಾಬೂ, ಅಂತಾರೆ." ಜಾಹ್ನವಿ ಒಂದು ಹೆಜ್ಜೆ ಮುಂದೆ ಬಂದಳು. "ಮತ್ತೆ, ಅವಸರಂ ಕೂಡ ಸಂಸ್ಕೃತವೇ ಅಪ್ಪಾ. ಇದು ಅವರಂದದ್ದಲ್ಲ, ನಾನು."

ಅಡುಗೆಮನೆಯಲ್ಲಿ ಶಾರದೆಗೆ ಕೆಮ್ಮು ಬಂತು. ಶ್ರೀಕಂಠ ಕೆಂಪಾದ. ಕೆಂಪಾದವನು ಹಿಂದೆ ಸರಿಯುವುದು ಹೇಗೆ? "ಸಾರಿ ಕೇಳಿದ್ರೆ ಇಲ್ಲಿಗೇ ಬಿಡ್ತೀನಿ. ಇಲ್ಲಾ, ಇವಳನ್ನ ಎಲ್ಲೂ ಕಳಿಸಕೂಡದು," ಎಂದು ಇಂಗ್ಲಿಷು, ತೆಲುಗು ಬೆರೆಸಿ ಸತ್ಯಮೂರ್ತಿಗೆ ಹೇಳಿದ.

"ಸಾರೀ ಚೆಪ್ಪೇಯಮ್ಮಾ," ಸಾರಿ ಹೇಳಿಬಿಡು ಎಂದು ಸತ್ಯಮೂರ್ತಿ ಆಕೆಯ ಕಿವಿಯ ಬಳಿ ಬಗ್ಗಿ ತೆಲುಗಿನಲ್ಲೇ ಪಿಸುಗುಟ್ಟಿದ. "ಒಂದು ಮಾತು. ನಿನ್ನ ಗಂಟೇನು ಹೋಗತ್ತೆ? ಇವರು ಕಂಪ್ಲೇಂಟ್ ಕೊಟ್ರೆ ಈ ಊರಲ್ಲಿ ಇನ್ಯಾವ ಬ್ಯೂರೋನೂ ನಿನ್ನ ತೊಗೊಳ್ಳಲ್ಲ. ನಾವೆಲ್ಲ ಒಬ್ಬರಿಗೊಬ್ಬರು ಹೇಳ್ಕೋತೀವಿ, ಗೊತ್ತಲ್ಲ."

ಸೀತಾಮಹಾಲಕ್ಷ್ಮಿಗೆ ಗೊತ್ತಿತ್ತು. ಗಾಜುವಾಕದ ಬಾಡಿಗೆ ಮನೆಯಲ್ಲಿ ಒಲೆ ಹೊತ್ತುವುದು ಆಕೆಯ ಈ ಕೆಲಸದಿಂದಲೇ ಎಂಬುದು ಸತ್ಯಮೂರ್ತಿಗೂ ಗೊತ್ತಿತ್ತು. ಆಕೆ ಅವನಿಗೆ ಉತ್ತರ ಕೊಡದೆ ಒಳಕೋಣೆಗೆ ಹೋದಳು. ಸುಶೀಲಮ್ಮನವರ ಕಂಕುಳಿಗೆ ಕೈ ಕೊಟ್ಟು ಮೇಲೆಳೆದು, ಬೆನ್ನ ಹಿಂದಿನ ದಿಂಬುಗಳನ್ನು ಗುದ್ದಿ ಗುದ್ದಿ ಸರಿಪಡಿಸಿದಳು. ಗುದ್ದಿದ್ದು ಬೇಕಾದ್ದಕ್ಕಿಂತ ಜೋರಾಗಿಯೇ ಇತ್ತು. ಮುದುಕಿ ಆಕೆಯ ಸೆರಗಿನ ತುದಿ ಹಿಡಿದುಕೊಂಡರು. "ವಸ್ತಾನಮ್ಮಾ," ಹೋಗಿ ಬರುತ್ತೇನೆ ಎಂದು ಆಕೆ ಅದನ್ನು ಮೆಲ್ಲನೆ ಬಿಡಿಸಿಕೊಂಡಳು.

ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ಶ್ರೀಕಂಠನ ಕಡೆ ತಿರುಗಿದಳು. ಈ ಸಲ ಒಂದೊಂದೇ ಮಾತನ್ನು, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ, ನಿಧಾನವಾಗಿ ತೆಲುಗಿನಲ್ಲಿ ಹೇಳಿದಳು: "ಮಲಗಿಸು ಅಂದಿರಿ. ನಾನು ಮಲಗಿಸಿದ್ದರೆ ಇವತ್ತು ನನ್ನ ಮೇಲೆ ಯಾವ ತಪ್ಪೂ ಇರುತ್ತಿರಲಿಲ್ಲ. ಹೇಳಿದ ಮಾತು ಕೇಳುವ ಹೆಂಗಸು ಅಂತ ನೀವೇ ನಾಲ್ಕು ಮನೆಗೆ ಹೇಳುತ್ತಿದ್ದಿರಿ. ಸಾರಿಯಂತೆ!"

ಏನಂತೆ ಎಂದು ಶ್ರೀಕಂಠ ಮಗಳನ್ನು ಕೇಳಲಿಲ್ಲ. ಸತ್ಯಮೂರ್ತಿ ಕಾಫಿ ಬೇಡವೆಂದು, ಕುಡಿದು, ಹೋದ.

ಮಧ್ಯಾಹ್ನದ ಊಟವಾಯಿತು. ಜಾಹ್ನವಿ ಊಟಕ್ಕೆ ಬಂದಿರಲಿಲ್ಲ. ಫ್ಯಾನಿನ ಕೆಳಗೆ ಪೇಪರ್ ಹಿಡಿದು ಕೂತಿದ್ದ ಶ್ರೀಕಂಠನಿಗೆ ಒಳಗಿನಿಂದ ಗರಗಸ ಎಳೆದಂಥ ಸದ್ದು ಕೇಳಿಸಿತು. ಹೋಗಿ ನೋಡಿದರೆ ತಾಯಿ ದಿಂಬುಗಳಿಂದ ಪೂರಾ ಜಾರಿಹೋಗಿದ್ದರು. ಬಾಯಿ ತೆರೆದಿತ್ತು. ಕಣ್ಣು ಅವನ ಮೇಲೇ ಇತ್ತು.

"ಏನಮ್ಮಾ? ಏನಾಗ್ತಿದೆ?"

"ಆಯಾಸ..." ಎಂದು ಸುಶೀಲಮ್ಮ ನಿಂತರು. ತಲೆಯಾಡಿಸಿ, ಉಸಿರನ್ನು ಎಲ್ಲಿಂದಲೋ ಹೆಕ್ಕಿ ತಂದರು. "ಆಯಾಸ ಅಲ್ವೋ... ಆಯಾಸಂ."

ಶ್ರೀಕಂಠ ಪೇಪರನ್ನು ಎಸೆದು, ತಾಯಿಯ ಕಂಕುಳಿಗೆ ಕೈ ಕೊಟ್ಟು ಒಂದೇ ಸಲಕ್ಕೆ ಎತ್ತಿ ಕೂರಿಸಿದ. ಒಂದು ದಿಂಬು, ಅದರ ಮೇಲೆ ಇನ್ನೊಂದು, ಅದೂ ಸಾಲದೆ ಮಂಚದ ಮೂಲೆಯ ಹೊದಿಕೆಯನ್ನು ಮಡಿಸಿ ಬೆನ್ನಿಗೆ ಕೊಟ್ಟ. ಬೆನ್ನ ಮೇಲೆ ಅಂಗೈಯಿಟ್ಟು ಹಿಡಿದೇ ಇದ್ದ. ಉಸಿರು ನಿಧಾನವಾಗಿ ತಹಬಂದಿಗೆ ಬಂತು. ಅವನು ತಲೆಯೆತ್ತಿದಾಗ ಬಾಗಿಲಲ್ಲಿ ಶಾರದಾ ಮತ್ತು ಜಾಹ್ನವಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವನು ಕೆಳಗೆ ಬಗ್ಗಿ ಪೇಪರಿನ ಹಾಳೆಗಳನ್ನು ಒಂದೊಂದಾಗಿ ಹೆಕ್ಕಿ, ಪುಟದ ಪ್ರಕಾರ ಜೋಡಿಸಿಕೊಂಡ.

ಶ್ರೀಕಂಠನಿಗೆ ತೆಲುಗು ಬರುತ್ತಿತ್ತು. ಸೋಮವಾರ ಬೇರೆ ನರ್ಸು ಬಂದಳು.